ಚಿಕ್ಕ ಕಾರು ಕೊಂಡರೆ ಕಡಿಮೆಯೇನು?

ನಿಮ್ಮ ಮನೆಯಲ್ಲಿ ಈಗ ಕಾರು ಕೊಳ್ಳುವ ಮಾತು ನಡೆದಿದೆಯೇ? ಹಾಗಾದರೆ ಮಗನಿಗೆ ಎತ್ತರದ ಗಾಡಿಯೇ ಬೇಕು. ತಾಯಿ ತಿಂಗಳ ಕಂತಿನ ಲೆಕ್ಕದಲ್ಲಿದ್ದಾರೆ. ಚಿಕ್ಕದನ್ನು ತಂದರೆ ನೆಂಟರು ಏನೆಂದುಕೊಳ್ಳುವರೋ ಎಂದು ತಂದೆಗೆ ಒಳಗೊಳಗೇ ಅಳುಕು. ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಯಾರ ಗಾಡಿ ಯಾವುದೆಂದು ಎಲ್ಲರೂ ನೋಡುತ್ತಾರಲ್ಲ! ಮುಂಗಡ ಹಣ ಕಟ್ಟುವ ಮೊದಲು ಚಿಕ್ಕ ಕಾರಿನ ಪರವಾಗಿ ನಾಲ್ಕು ಮಾತು ಕೇಳಿ.

2015ರ ಸೆಪ್ಟೆಂಬರಿನಲ್ಲಿ ಪೋಪ್ ಫ್ರಾನ್ಸಿಸ್‌ರವರು ಅಮೆರಿಕಕ್ಕೆ ಹೋದಾಗಿನ ಚಿತ್ರ ನಿಮಗೆ ನೆನಪಿರಬಹುದು. ಕಾವಲಿಗೆ ಬಂದ ಭಾರೀ ಕಪ್ಪು ವಾಹನಗಳ ನಡುವೆ ಅವರು ಕುಳಿತ ಫಿಯಟ್ ಕಾರು ಆಟಿಕೆಯಂತೆ ಕಾಣುತ್ತಿತ್ತು. ಅದಕ್ಕೆ ಎರಡು ವರ್ಷ ಮೊದಲು, 2013ರ ಜುಲೈನಲ್ಲಿ, ಗುರು ಅಥವಾ ಕನ್ಯಾಸ್ತ್ರೀ ಹೊಚ್ಚಹೊಸ ಮಾದರಿಯ ಕಾರಿನಲ್ಲಿ ಓಡಾಡುವುದನ್ನು ಕಂಡರೆ ತಮಗೆ ನೋವಾಗುತ್ತದೆ ಎಂದು ಗುರುಮಠದ ವಿದ್ಯಾರ್ಥಿಗಳ ಮುಂದೆ ಹೇಳಿದ್ದರು. ಕಾರೇ ಬೇಡವೆಂದು ಅವರು ಹೇಳಲಿಲ್ಲ. ಕೆಲಸಕ್ಕೆ ಕಾರು ಬೇಕು, ಆದರೆ ಸರಳವಾದದ್ದು ಇರಲಿ ಎಂಬುದು ಅವರ ಮಾತಿನ ತಾತ್ಪರ್ಯ.

ಚಿಕ್ಕ ಕಾರು ಹುಟ್ಟಿದ್ದೇ ಕೊರತೆಯ ದಿನಗಳಲ್ಲಿ. 1956ರಲ್ಲಿ ಸೂಯೆಜ್ ಕಾಲುವೆಯ ಬಿಕ್ಕಟ್ಟಿನಿಂದ ಇಂಗ್ಲೆಂಡಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಆಗ ಅಲೆಕ್ ಇಸಿಗೊನಿಸ್ ಎಂಬ ತಂತ್ರಜ್ಞರು ಬರೀ ಹತ್ತು ಅಡಿ ಉದ್ದದಲ್ಲಿ ನಾಲ್ವರು ದೊಡ್ಡವರನ್ನು ಕೂರಿಸುವ ಕಾರು ರಚಿಸಲು ಹೊರಟರು. ಎಂಜಿನ್ನನ್ನು ಉದ್ದಕ್ಕೆ ಇಡುವ ಬದಲು ಅಡ್ಡಲಾಗಿ ಇಟ್ಟರು. ಮುಂದಿನ ಚಕ್ರಗಳೇ ಗಾಡಿಯನ್ನು ಎಳೆಯುವಂತೆ ಮಾಡಿದರು. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟ್ ಬೇಡವಾಯಿತು, ಆ ಜಾಗವೆಲ್ಲ ಕೂರುವವರ ಕಾಲಿಗೆ ಸಿಕ್ಕಿತು. 1959ರಲ್ಲಿ ಮಾರುಕಟ್ಟೆಗೆ ಬಂದ ಆ ಕಾರೇ ಮಿನಿ.

ಅದೇ ಜೋಡಣೆ ನಮ್ಮ ಮಾರುತಿ 800ರಲ್ಲೂ ಇತ್ತು. ಜಪಾನಿನಲ್ಲಿ 1949ರಿಂದಲೂ ಉದ್ದ, ಅಗಲ, ಎಂಜಿನ್ ಇಷ್ಟೇ ಇರಬೇಕೆಂಬ ಮಿತಿಯೊಳಗೆ ತಯಾರಾಗುವ 'ಕೇ' ಎಂಬ ಪುಟ್ಟ ಕಾರುಗಳ ವರ್ಗವೊಂದಿದೆ. ಸುಜುಕಿಯವರ ಅಂಥ ಕಾರನ್ನೇ ಆಧರಿಸಿ ಮಾರುತಿ ತಯಾರಾಯಿತು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಕೈ ಕೊಟ್ಟರು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. 796 ಸಿ.ಸಿ.ಯ ಎಂಜಿನ್, ಮೂರೇ ಸಿಲಿಂಡರ್, ತೂಕ ಸುಮಾರು 650 ಕಿಲೋ. ಅಂಬಾಸಿಡರಿನಿಂದ ಇಳಿದು ಇದನ್ನು ಹತ್ತಿದವರಿಗೆ ಮೊದಮೊದಲು ಬೆಂಕಿಪೊಟ್ಟಣದಲ್ಲಿ ಕುಳಿತ ಹಾಗಿತ್ತು. ಆದರೂ ಹಿಂದಿನ ಸೀಟಿನಲ್ಲಿ ಮೂವರು ಮಕ್ಕಳು, ಅವರ ಮಧ್ಯೆ ಅಜ್ಜಿ, ಅಜ್ಜಿಯ ಮಡಿಲಲ್ಲಿ ಕ್ರಿಸ್ಮಸ್ ಕುಸ್ವಾರ್ ಡಬ್ಬಿ - ಹೀಗೆ ಎಷ್ಟು ಮನೆಗಳು ಓಡಾಡಲಿಲ್ಲ!

ಚಿಕ್ಕ ಕಾರು ಪೆಟ್ರೋಲ್ ಕಡಿಮೆ ಕುಡಿಯುವುದರಲ್ಲಿ ಮಾಯೆಯೇನೂ ಇಲ್ಲ. ನಿಂತ ಗಾಡಿಯನ್ನು ವೇಗಕ್ಕೆ ತರಲು ಬೇಕಾಗುವ ಶಕ್ತಿ ಅದರ ತೂಕಕ್ಕೆ ತಕ್ಕಂತೆ ಏರುತ್ತದೆ. ಸಿಗ್ನಲ್ ಬಂದಾಗ ಬ್ರೇಕ್ ಒತ್ತುತ್ತೀರಿ, ಸುಟ್ಟ ಪೆಟ್ರೋಲಿನಿಂದ ಬಂದ ಆ ಶಕ್ತಿಯೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಮತ್ತೆ ಹೊರಡಬೇಕಾದರೆ ಮತ್ತೆ ಸುಡಬೇಕು. ಬೆಂಗಳೂರಿನಂಥ ಊರಿನಲ್ಲಿ ಇದು ಕಿಲೋಮೀಟರಿಗೆ ನಾಲ್ಕು ಸಲ! ಒಬ್ಬರೇ ಕಚೇರಿಗೆ ಹೋಗಲು ಒಂದೂವರೆ ಟನ್ ಕಬ್ಬಿಣವನ್ನೂ ಜೊತೆಗೆ ಎಳೆದುಕೊಂಡು ಹೋಗುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ.

ಒಂದು ಲೆಕ್ಕ ಹಾಕೋಣ. ಚಿಕ್ಕ ಕಾರು ಲೀಟರಿಗೆ 20 ಕಿ.ಮೀ., ದೊಡ್ಡದು 12 ಕಿ.ಮೀ. ಓಡುತ್ತದೆಂದು ಇಟ್ಟುಕೊಳ್ಳಿ. ವರ್ಷಕ್ಕೆ ಹತ್ತು ಸಾವಿರ ಕಿ.ಮೀ. ಓಡಿಸಿದರೆ ಒಂದಕ್ಕೆ 500 ಲೀಟರ್, ಇನ್ನೊಂದಕ್ಕೆ 833. ಲೀಟರಿಗೆ ನೂರು ರೂಪಾಯಿಯಂತೆ ವರ್ಷಕ್ಕೆ 33 ಸಾವಿರ ರೂಪಾಯಿ ವ್ಯತ್ಯಾಸ. ಎಂಟು ವರ್ಷಕ್ಕೆ ಎರಡೂವರೆ ಲಕ್ಷ ದಾಟಿತು. ಸಾಲದ ಬಡ್ಡಿ, ವಿಮೆ, ಟೈರು ಬೇರೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಆ 333 ಲೀಟರಿಗೆ ಅದು ಮುಕ್ಕಾಲು ಟನ್ನಿಗಿಂತ ಹೆಚ್ಚು.

ಇಷ್ಟಿದ್ದೂ ಜನ ಚಿಕ್ಕ ಕಾರಿನಿಂದ ದೂರ ಸರಿಯುವುದೇಕೆ? ನ್ಯಾನೊ ಕಾರಿನ ಕಥೆ ನೋಡಿ. ಸ್ಕೂಟರಿನ ಮೇಲೆ ಅಪಾಯದಲ್ಲಿ ಸಾಗುವ ಕುಟುಂಬಗಳನ್ನು ಕಂಡು, ಅವರಿಗಾಗಿ ಒಂದು ಲಕ್ಷ ರೂಪಾಯಿಯ ಕಾರು ಮಾಡಬೇಕೆಂದು ರತನ್ ಟಾಟಾ ಹೊರಟರು. 2009ರಲ್ಲಿ ಅದು ಮಾರಾಟಕ್ಕೆ ಬಂತು. ಆದರೆ 'ಅತಿ ಅಗ್ಗದ ಕಾರು' ಎಂಬ ಹೆಸರೇ ಅದಕ್ಕೆ ಮುಳುವಾಯಿತು. ಹಾಗೆ ಪ್ರಚಾರವಾದದ್ದು ತಪ್ಪಾಯಿತೆಂದು ಟಾಟಾರವರೇ ಮುಂದೆ ಒಪ್ಪಿಕೊಂಡರು. ಬಡವರ ಕಾರು ಎಂದರೆ ಬಡವರಿಗೂ ಬೇಡ. ಮಾರುತಿ ಕೊಂಡವರು ಮೇಲೇರಿದೆವೆಂದು ಹಿಗ್ಗಿದರು. ಅಷ್ಟೇ ಚಿಕ್ಕ ನ್ಯಾನೊ ಕೊಂಡವರು ನೆರೆಯವರಿಗೆ ಸಮಜಾಯಿಷಿ ಹೇಳಬೇಕಾಯಿತು. ಅಳುಕು ಇರುವುದು ಕಾರಿನ ಅಳತೆಯಲ್ಲಲ್ಲ, ನೋಡುವವರ ಕಣ್ಣಿನಲ್ಲಿ.

ಒಂದು ಆಕ್ಷೇಪಣೆಯನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಹಗುರವಾದ ಕಾರು ಭಾರದ ವಾಹನಕ್ಕೆ ಡಿಕ್ಕಿ ಹೊಡೆದರೆ ಪೆಟ್ಟು ಹಗುರದ್ದಕ್ಕೇ ಹೆಚ್ಚು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮ ದೇಶದ ಐದು ಸಣ್ಣ ಕಾರುಗಳನ್ನು ಪರೀಕ್ಷಿಸಿದಾಗ ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ನಕ್ಷತ್ರ ಸಿಕ್ಕಿತ್ತು. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷೆ ಇದೆ. ಆದ್ದರಿಂದ ಷೋರೂಮಿಗೆ ಹೋದಾಗ ಮೈಲೇಜ್ ಕೇಳುವ ಮೊದಲು ಎಷ್ಟು ನಕ್ಷತ್ರ, ಎಷ್ಟು ಏರ್‌ಬ್ಯಾಗ್ ಎಂದು ಕೇಳಿ. ಉತ್ತರ ಸಮಾಧಾನ ಕೊಡದಿದ್ದರೆ ಬೇರೆ ಚಿಕ್ಕ ಕಾರು ನೋಡಿ. ಮಕ್ಕಳ ಜೀವದ ವಿಷಯದಲ್ಲಿ ಉಳಿತಾಯ ಬೇಡ.

ಆಮೇಲೆ ಮನೆಮಂದಿಯೆಲ್ಲ ಕುಳಿತು ಕಳೆದ ಒಂದು ತಿಂಗಳನ್ನು ನೆನಪಿಸಿಕೊಳ್ಳಿ. ಎಷ್ಟು ದಿನ ಒಬ್ಬರೇ ಹೋದಿರಿ, ಎಷ್ಟು ದಿನ ಇಬ್ಬರು, ಐದೂ ಜನ ಒಟ್ಟಿಗೆ ಹೋದದ್ದು ಎಷ್ಟು ಸಲ? ಕಾಗದದ ಮೇಲೆ ಬರೆಯಿರಿ. ವರ್ಷಕ್ಕೊಮ್ಮೆ ವೇಳಾಂಗಣಿಗೆ ಹೋಗುವಾಗ ಏಳು ಸೀಟು ಬೇಕಲ್ಲ ಎಂದು ಮಗ ಹೇಳಿಯೇ ಹೇಳುತ್ತಾನೆ. ಆ ನಾಲ್ಕು ದಿನಕ್ಕೆ ಚಾಲಕರೊಂದಿಗೆ ದೊಡ್ಡ ಗಾಡಿಯೊಂದನ್ನು ಬಾಡಿಗೆಗೆ ಪಡೆದರಾಯಿತು. ಅಪ್ಪನಿಗೂ ದಾರಿಯಲ್ಲಿ ಒಂದಿಷ್ಟು ನಿದ್ದೆ ಸಿಗುತ್ತದೆ.