ಚೀಲ ಸೊಂಟದ ಕೆಳಗಿರಲಿ

ಬಲ ಪಕ್ಕೆಲುಬಿನ ಕೆಳಗೆ ನೋವು, ಬಿಡದ ಚಳಿಜ್ವರ. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಇದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಗುಳಿಗೆ ನುಂಗಿ ಸುಮ್ಮನಾಗುವವರುಂಟು. ಆದರೆ ಯಕೃತ್ತಿನಲ್ಲಿ ಕೀವು ಕಟ್ಟಿರಬಹುದು. ತಾಲ್ಲೂಕು ಆಸ್ಪತ್ರೆಗೆ ಹೋಗಿ. ರಾಯಚೂರಿನ ರಿಮ್ಸ್‌ ಆಸ್ಪತ್ರೆಗೆ ಬರೆದುಕೊಟ್ಟರೆ ತಡಮಾಡಬೇಡಿ. ‘ಹೊಟ್ಟೆ ಕೊಯ್ತಾರ’ ಎಂಬ ಭಯವೇ ಎಷ್ಟೋ ಮಂದಿಯನ್ನು ಮನೆಯಲ್ಲಿ ಕೂರಿಸುತ್ತದೆ. ಸಣ್ಣ ಕೀವುಗಡ್ಡೆ ಔಷಧಿಗೇ ಕರಗಬಹುದು. ದೊಡ್ಡದಾದರೆ ಆ ಜಾಗವನ್ನಷ್ಟೇ ಮರಗಟ್ಟಿಸಿ, ಸ್ಕ್ಯಾನಿಂಗ್ ಪರದೆ ನೋಡುತ್ತಲೇ ಸೂಜಿಯಿಂದ ಕೀವು ಎಳೆಯುತ್ತಾರೆ. ಇಲ್ಲವೇ ತುದಿ ಸುರುಳಿಯಾದ ತೆಳು ನಳಿಕೆ ಇಡುತ್ತಾರೆ. ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿಬಿಡಿ. ನಳಿಕೆಯೊಂದಿಗೇ ಊರಿಗೆ ಕಳಿಸಿದರೆ, ಬಸ್ಸಿನಲ್ಲೂ ಕೀವು ಸೇರುವ ಚೀಲ ಸೊಂಟದ ಕೆಳಗಿರಲಿ, ನಳಿಕೆ ಮಡಚದಿರಲಿ. ದಿನಕ್ಕೆ ಎಷ್ಟು ಕೀವು ಬಂತೆಂದು ಚೀಟಿಯಲ್ಲಿ ಬರೆದಿಡಿ. ಜ್ವರ ಇಳಿಯಿತೆಂದು ನೀವೇ ನಳಿಕೆಯನ್ನು ಎಳೆದು ತೆಗೆಯಬೇಡಿ.