ಒಂದೇ ಇರುವುದು ಯಾವುದು, ಹುಡುಕು ತಮ್ಮಾ

ತಮ್ಮಾ, ಗಂಗಾವತಿಯ ರೈಸ್ ಮಿಲ್‌ನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ ಅಂತ ಕೇಳಿ ಸಂತೋಷವಾಯಿತು. ಮೂರು ಹೊಸ ಸರ್ವರ್‌ಗೆ ಪ್ರಾಕ್ಸ್‌ಮಾಕ್ಸ್ ಹಾಕಿ ಕ್ಲಸ್ಟರ್ ಕಟ್ಟಿದ್ದೀಯಂತೆ. ಎಲ್ಲಾ ವಿಎಂ, ಕಂಟೇನರ್‌ಗಳಿಗೂ ಎಚ್‌ಎ (ಹೈ ಅವೈಲಬಿಲಿಟಿ) ಹಾಕಿಬಿಟ್ಟಿದ್ದೇನೆ, ಇನ್ನು ಏನೂ ಬೀಳೋದಿಲ್ಲ ಅಂತ ನಿಮ್ಮ ಅವ್ವನ ಮುಂದೆ ಹೇಳಿದ್ದೀಯಂತೆ. ಆ ಕಡೆಯ ಮಾತಿಗಾಗಿ ಇಷ್ಟು ಬರೆಯುತ್ತಿದ್ದೇನೆ.

ಬೀಳುತ್ತದಪ್ಪಾ. ಬಿದ್ದದ್ದನ್ನು ಬೇರೆ ಕಡೆ ಎಬ್ಬಿಸುವುದಷ್ಟೇ ಎಚ್‌ಎ ಕೆಲಸ. ಓಡುತ್ತಿರುವ ವಿಎಂ ನಿಲ್ಲದೆ ಪಕ್ಕದ ನೋಡ್‌ಗೆ ಹೋಗುವ ಲೈವ್ ಮೈಗ್ರೇಷನ್ ಎರಡೂ ನೋಡ್ ಜೀವಂತ ಇದ್ದಾಗ ನಾವು ಮಾಡುವಂಥದ್ದು. ಕಂಟೇನರ್‌ಗೆ ಅದೂ ಇಲ್ಲ, ಇಲ್ಲಿ ನಿಲ್ಲಿಸಿ ಅಲ್ಲಿ ಶುರು ಮಾಡಬೇಕು. ನೋಡ್ ಏಕಾಏಕಿ ಸತ್ತರೆ ವಿಎಂ ಕರೆಂಟ್ ಹೋಗಿ ಬಂದಂತೆ ಹೊಸದಾಗಿ ಬೂಟ್ ಆಗುತ್ತದೆ. ಮೆಮೊರಿಯಲ್ಲಿದ್ದದ್ದು ಹೋಯಿತು. ಅರ್ಧ ಬರೆದ ತೂಕದ ಚೀಟಿಯೂ ಹೋಯಿತು.

ಅದೂ ತಕ್ಷಣ ಆಗುವುದಿಲ್ಲ. ಪಂಚಾಯಿತಿ ಸಭೆಗೆ ಬೇಕಾದಂತೆ ಕ್ಲಸ್ಟರ್‌ಗೂ ಕೋರಂ ಬೇಕು. ಮೂರರಲ್ಲಿ ಎರಡು ಮತ ಇರಲೇಬೇಕು. ಸಂಪರ್ಕ ತಪ್ಪಿ ಒಂಟಿಯಾದ ನೋಡ್‌ನಲ್ಲಿ ವಾಚ್‌ಡಾಗ್ ಸುಮಾರು 60 ಸೆಕೆಂಡ್ ಕಾದು ಆ ಯಂತ್ರವನ್ನೇ ರೀಸೆಟ್ ಮಾಡುತ್ತದೆ. ಉಳಿದೆರಡು ನೋಡ್‌ಗಳು ಅದರ ಲಾಕ್ ಮುಗಿಯುವ ತನಕ, ಅಂದರೆ 120 ಸೆಕೆಂಡ್, ಸುಮ್ಮನೆ ಕೂರುತ್ತವೆ. ಮಾಲೀಕರಿಗೆ ಆ ಎರಡು ನಿಮಿಷ ಎರಡು ತಾಸಿನಂತೆ ಕಾಣುತ್ತದೆ. 'ಇದನ್ನು ಕಡಿಮೆ ಮಾಡೋಕೆ ಬರೋದಿಲ್ಲೇನೋ' ಅಂತ ಕೇಳುತ್ತಾರೆ. ನೀನು ಮಣಿಯಬೇಡ. ಹಳೆಯದು ಸತ್ತದ್ದು ಖಾತ್ರಿಯಾಗದೆ ಅದೇ ವಿಎಂ ಇನ್ನೊಂದು ಕಡೆ ಎದ್ದರೆ ಒಂದೇ ಡಿಸ್ಕ್‌ಗೆ ಇಬ್ಬರು ಬರೆಯುತ್ತಾರೆ. ಆಮೇಲೆ ಆ ಲೆಕ್ಕವನ್ನು ಸರಿಮಾಡುವವರು ಯಾರೂ ಇಲ್ಲ.

ಇಷ್ಟು ನಿನಗೆ ಗೊತ್ತಿದ್ದದ್ದೇ ಇರಬಹುದು. ನಾನು ಹೇಳಬೇಕಾದ್ದು ಬೇರೆ. ಎಲ್ಲವೂ ಎರಡೆರಡು, ಮೂರು ಮೂರು ಇದೆ ಅನ್ನಿಸಿದಾಗ ಒಂದೇ ಇರುವುದು ಯಾವುದು ಅಂತ ಹುಡುಕು. ನಿಮ್ಮ ಮಿಲ್‌ಗೆ ಭತ್ತ ಕೊಡುವ ಎಡದಂಡೆ ಕಾಲುವೆಯ ಮೂಲವನ್ನೇ ನೋಡು. ತುಂಗಭದ್ರಾ ಡ್ಯಾಂಗೆ 33 ಕ್ರೆಸ್ಟ್ ಗೇಟ್. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತು. ಉಳಿದ 32 ಗೇಟ್ ನಿಂತೇ ಇದ್ದವು, ಆದರೆ ಹೋದದ್ದರ ಜಾಗದಲ್ಲಿ ಇಳಿಸಲು ಸ್ಟಾಪ್‌ಲಾಗ್ ಸಿದ್ಧ ಇರಲಿಲ್ಲ. ಒತ್ತಡ ಇಳಿಸಲು ಬೇರೆ ಗೇಟ್‌ಗಳನ್ನೂ ಎತ್ತಿ ತುಂಬಿದ ನೀರನ್ನು ಹೊಳೆಗೆ ಬಿಡಬೇಕಾಯಿತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಬಂದು, ಹೊಸದಾಗಿ ಮಾಡಿಸಿದ ಸ್ಟಾಪ್‌ಲಾಗ್ ತುಂಡುಗಳನ್ನು ಒಂದೊಂದಾಗಿ ಇಳಿಸಿ ಮುಚ್ಚುವಷ್ಟರಲ್ಲಿ ಆಗಸ್ಟ್ 17 ಆಗಿತ್ತು. ಎಷ್ಟು ಗೇಟ್ ಇವೆ ಅಂತ ಎಲ್ಲರೂ ಎಣಿಸುತ್ತಾರೆ. ಇದೊಂದು ಹೋದರೆ ಅದರ ಜಾಗಕ್ಕೆ ಏನಿದೆ ಅಂತ ಕೇಳುವವರು ಕಡಿಮೆ.

ನಿನ್ನ ರೂಮಿನಲ್ಲಿ ಒಂದೇ ಇರುವುದು ಏನು? ಸ್ವಿಚ್ ಇರಬಹುದು. ಮೂರೂ ನೋಡ್‌ಗಳ ಕೇಬಲ್ ಒಂದೇ ಸ್ವಿಚ್‌ಗೆ ಹೋಗುತ್ತಿದ್ದರೆ, ಅದು ಕೆಟ್ಟ ಕ್ಷಣ ಮೂರಕ್ಕೂ ಕೋರಂ ಇಲ್ಲ, ಮೂರೂ ತಾವಾಗಿ ರೀಸೆಟ್ ಆಗುತ್ತವೆ. ಎಚ್‌ಎ ಇಲ್ಲದಿದ್ದರೆ ವಿಎಂಗಳಾದರೂ ಓಡುತ್ತಿರುತ್ತಿದ್ದವು! ನೋಡ್‌ಗಳು ಪರಸ್ಪರ ಮಾತಾಡಿಕೊಳ್ಳುವ ಕೋರೊಸಿಂಕ್‌ಗೆ ಎರಡನೇ ಲಿಂಕ್ ಕೊಡು, ಬೇರೆ ಸ್ವಿಚ್‌ನಿಂದ ಕೊಡು. ಬ್ಯಾಕಪ್ ಓಡುವ ಲೈನ್‌ನಲ್ಲೇ ಅದನ್ನೂ ತುರುಕಬೇಡ. ಯುಪಿಎಸ್ ಕೂಡ ನೋಡು. ಜೆಸ್ಕಾಂ ಕರೆಂಟ್ ಹೋದಾಗ ಜನರೇಟರ್ ಹಿಡಿಯುವ ತನಕ ಮೂರೂ ಸರ್ವರ್ ಒಂದೇ ಹಳೇ ಬ್ಯಾಟರಿಯನ್ನು ನಂಬಿದ್ದರೆ ಅವು ಮೂರಲ್ಲ, ಒಂದೇ. ಎರಡು ಡಿಎನ್‌ಎಸ್ ಕಂಟೇನರ್ ಒಂದೇ ನೋಡ್‌ನಲ್ಲಿ ಕೂತರೂ ಅದೇ ಕಥೆ. ಪ್ರಾಕ್ಸ್‌ಮಾಕ್ಸ್ 9ರಲ್ಲಿ ಹಳೆಯ ಎಚ್‌ಎ ಗ್ರೂಪ್ ಹೋಗಿ ರೂಲ್ ಬಂದಿವೆ. ಆ ಎರಡು ಕಂಟೇನರ್ ಒಟ್ಟಿಗೆ ಕೂರಬಾರದು ಅಂತ ಅಲ್ಲಿ ಬರೆದಿಡು.

ಇನ್ನೊಂದು ಆಸೆ ನಿನಗೆ ಬಂದೇ ಬರುತ್ತದೆ, ಅಥವಾ ನಿಮ್ಮ ಮಾಲೀಕರಿಗೆ. ಕೊಪ್ಪಳದಲ್ಲಿ ಆಫೀಸಿದೆ, ಕುಷ್ಟಗಿಯಲ್ಲಿ ಗೋದಾಮಿದೆ, ಒಂದೊಂದು ಊರಿಗೆ ಒಂದೊಂದು ನೋಡ್ ಇಟ್ಟರೆ ಒಂದು ಊರಿಗೆ ಬೆಂಕಿ ಬಿದ್ದರೂ ಇನ್ನೆರಡು ಇರುತ್ತವಲ್ಲ ಅಂತ. ಕೇಳೋಕೆ ಚೆಂದ. ಆದರೆ ಕೋರೊಸಿಂಕ್‌ಗೆ ಒಂದೇ ಕಟ್ಟಡದ ಲ್ಯಾನ್‌ನಂಥ ವೇಗ ಬೇಕು, ಐದು ಮಿಲಿಸೆಕೆಂಡ್ ಒಳಗೆ ಉತ್ತರ ಬರಬೇಕು. ರಸ್ತೆ ಅಗಲ ಮಾಡುವ ಜೆಸಿಬಿ ಎಲ್ಲೋ ಫೈಬರ್ ಕಡಿದರೆ ಕುಷ್ಟಗಿಯ ನೋಡ್ ಒಂಟಿಯಾಗಿ ಸಾಯುತ್ತದೆ. ಲೈನ್ ಪೂರ್ತಿ ಕಡಿಯದೆ ಬರೀ ಎಳೆದಾಡಿದರಂತೂ ಇನ್ನೂ ಕೆಟ್ಟದ್ದು, ನೋಡ್‌ಗಳು ಸೇರುವುದು ಬಿಡುವುದು ದಿನವಿಡೀ ನಡೆದಿರುತ್ತದೆ. ಕ್ಲಸ್ಟರ್ ಒಂದೇ ಕಟ್ಟಡದಲ್ಲಿರಲಿ. ಕೊಪ್ಪಳಕ್ಕೆ ಬ್ಯಾಕಪ್ ಕಳಿಸು. ಮುಂದೆ ಯಲಬುರ್ಗಾದ ಶಾಖೆಗೆ ಎರಡೇ ಸರ್ವರ್ ಕೊಟ್ಟರೆ, ಮೂರನೇ ಮತಕ್ಕೆ ಕೊಪ್ಪಳದ ಆಫೀಸಿನ ಸಣ್ಣ ಯಂತ್ರದಲ್ಲಿ ಕ್ಯೂಡಿವೈಸ್ ಇಡಬಹುದು. ಅದಕ್ಕೆ ಲೈನ್ ಸ್ವಲ್ಪ ನಿಧಾನವಾದರೂ ನಡೆಯುತ್ತದೆ.

ಈಗ ವೇಬ್ರಿಜ್‌ಗೆ ಬಾ. ತೂಕದ ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್ ಬಂದು ಮೊದಲನೇ ಸರ್ವರ್‌ನ ಹಿಂದೆ ಸಿಕ್ಕಿಸಿಕೊಂಡಿದೆ ತಾನೇ? ಆ ಪೋರ್ಟನ್ನು ವಿಎಂಗೆ ಒಪ್ಪಿಸಿದ್ದೀಯ. ನೋಡ್ ಹೋದಾಗ ವಿಎಂ ಎರಡನೇ ನೋಡ್‌ನಲ್ಲಿ ಎದ್ದರೂ ಕೇಬಲ್ ಎದ್ದು ಹೋಗುವುದಿಲ್ಲ. ಎಷ್ಟೋ ಸಲ ವಿಎಂ ಶುರುವಾಗುವುದೇ ಇಲ್ಲ. ಸುಗ್ಗಿಯಲ್ಲಿ ಲಾರಿಗಳು ಗೇಟಿನ ಹೊರಗೆ ಸಾಲು ನಿಂತಾಗ ಇದು ಗೊತ್ತಾಗುವುದು ಬೇಡ. ಸೀರಿಯಲ್ಲನ್ನು ನೆಟ್‌ವರ್ಕ್‌ಗೆ ತಿರುಗಿಸುವ ಒಂದು ಪುಟ್ಟ ಡಬ್ಬಿ ಸಿಗುತ್ತದೆ, ತಂದು ಹಾಕು. ಯುಎಸ್‌ಬಿ ಡಾಂಗಲ್ ಬೇಡುವ ಹಳೆಯ ಸಾಫ್ಟ್‌ವೇರ್ ಇದ್ದರೆ ಅದರ ಕಥೆಯೂ ಇದೇ.

ಡಿಸ್ಕ್ ಕಡೆಯೂ ಕಣ್ಣಿರಲಿ. ನೀನು ಸೆಫ್ ಹಾಕಿಲ್ಲ, ಝಡ್‌ಎಫ್‌ಎಸ್ ರೆಪ್ಲಿಕೇಷನ್ ಹಾಕಿದ್ದೀಯ ಅಂತ ಕೇಳಿದೆ. ಸಣ್ಣ ಜಾಗಕ್ಕೆ ಅದೇ ವಾಸಿ. ಆದರೆ ಅದು ಸುಮ್ಮನೆ ಬಿಟ್ಟರೆ 15 ನಿಮಿಷಕ್ಕೊಮ್ಮೆ ನಕಲು ಮಾಡುತ್ತದೆ, ನೋಡ್ ಸತ್ತರೆ ಕೊನೆಯ ನಕಲಿನ ನಂತರದ ಚೀಟಿಗಳೆಲ್ಲ ಇಲ್ಲ. ಸುಗ್ಗಿಯಲ್ಲಾದರೂ ಒಂದು ನಿಮಿಷಕ್ಕೆ ಇಳಿಸು. ತಪ್ಪಾಗಿ ಅಳಿಸಿದ ಫೈಲ್ ಅಷ್ಟೇ ಶ್ರದ್ಧೆಯಿಂದ ಎಲ್ಲಾ ಕಡೆ ಅಳಿಸಿಹೋಗುತ್ತದೆ, ಆದ್ದರಿಂದ ಬ್ಯಾಕಪ್ ಬೇರೆಯೇ ಬೇಕು. ಮೆಮೊರಿಯ ಲೆಕ್ಕವಂತೂ ಸುಲಭ: 64 ಜಿಬಿಯ ಮೂರು ನೋಡ್‌ನಲ್ಲಿ ತಲಾ 50 ತುಂಬಿಸಿದರೆ 150 ಆಯಿತು, ಒಂದು ಹೋದರೆ ಉಳಿಯುವುದು 128. ಎದ್ದವರಿಗೆ ಕೂರಲು ಜಾಗವಿಲ್ಲ.

ಎಚ್‌ಎ ವಿಎಂನ ಒಳಗೆ ಇಣುಕಿ ನೋಡುವುದಿಲ್ಲ ಅನ್ನುವುದೂ ನೆನಪಿರಲಿ. ಡೇಟಾಬೇಸ್ ಗಪ್ಪಾಗಿ ಕೂತಿದ್ದರೂ ಹೊರಗಿನಿಂದ ವಿಎಂ ಓಡುತ್ತಿದೆ, ಅದರ ಪ್ರಕಾರ ಎಲ್ಲಾ ಸರಿ. ಹೊರೆಯಿಂದ ಬಿದ್ದದ್ದಕ್ಕೂ ಅದರ ಹತ್ತಿರ ಮದ್ದಿಲ್ಲ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ಕೈಕೊಟ್ಟು ರಾಜ್ಯವಿಡೀ ಸಬ್‌ರಿಜಿಸ್ಟ್ರಾರ್ ಕಚೇರಿಗಳಲ್ಲಿ ಜನ ಕಾದದ್ದು ನೀನೂ ನೋಡಿದ್ದೀಯ. ಡಿಡಿಒಎಸ್ ದಾಳಿ ಅಂತ ಸರ್ಕಾರ ಹೇಳಿತು. ಸುಳ್ಳು ಕೋರಿಕೆಗಳ ಮಳೆ ಸುರಿಯುವಾಗ ಪಕ್ಕದ ನೋಡ್‌ಗೆ ಎಬ್ಬಿಸಿದರೆ ಅದೂ ಮುಳುಗುತ್ತದೆ.

ಇಷ್ಟೆಲ್ಲ ಸರಿಮಾಡಿದ ಮೇಲೆ, ಬೇಸಿಗೆ ಬೆಳೆ ಮುಗಿದು ಮಿಲ್ ಸುಮಾರಾಗಿರುವ ಒಂದು ಭಾನುವಾರ, ಮಾಲೀಕರಿಗೆ ಹೇಳಿಯೇ, ಒಂದು ನೋಡ್‌ನ ಪವರ್ ಕೇಬಲ್ ಕಿತ್ತುಬಿಡು. ಶಟ್‌ಡೌನ್ ಬಟನ್ ಒತ್ತಿದರೆ ಅದು ಪರೀಕ್ಷೆ ಆಗುವುದಿಲ್ಲ. ಗಡಿಯಾರ ನೋಡಿಕೊಂಡು ಕೂರು, ಲಾರಿ ಒಂದನ್ನು ತೂಕಕ್ಕೆ ನಿಲ್ಲಿಸಿ ಚೀಟಿ ಬರುವ ತನಕ ಬರೆದುಕೊ. ಮತ್ತೊಂದು ಸಲ ಸ್ವಿಚ್ ಕಿತ್ತು ನೋಡು. ಆ ಹೊತ್ತಿಗೆ ಕೀಬೋರ್ಡ್ ಮುಂದೆ ನೀನು ಕೂರಬೇಡ, ಲೆಕ್ಕ ಬರೆಯುವ ಹುಡುಗಿಯನ್ನು ಕೂರಿಸು, ನೀನು ಹಿಂದೆ ನಿಂತು ಸುಮ್ಮನಿರು. ಯಾಕಂದರೆ ರೂಟ್ ಪಾಸ್‌ವರ್ಡ್ ಈಗ ನಿನ್ನ ತಲೆಯಲ್ಲಿ ಮಾತ್ರ ಇದೆ, ಮುಂದಿನ ತಿಂಗಳು ನಿನ್ನ ಮದುವೆಯೂ ಇದೆ.