ಕೆಮ್ಮಣ್ಣಿನಲ್ಲಿ ಕಬ್ಬಿಣದ ಬರ

ಮಾಕಳಿಯ ಕೆಮ್ಮಣ್ಣಿಗೆ ಬಣ್ಣ ಬಂದಿರುವುದು ಅದರಲ್ಲಿರುವ ಕಬ್ಬಿಣದ ಆಕ್ಸೈಡಿನಿಂದ. ಆದರೂ ಹೊಸ ಮನೆಯ ಗೋಡೆಯ ಬದಿಯಲ್ಲಿ ನೆಟ್ಟ ಇಕ್ಸೋರ, ಅಂದರೆ ಕೇಪಳದ ಗಿಡ, ಕಬ್ಬಿಣವಿಲ್ಲದೆ ಸೊರಗುವುದುಂಟು. ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸುರಾಗಿ ಉಳಿಯುವುದೇ ಇದರ ಗುರುತು. ಸಾರಜನಕದ ಕೊರತೆಯಾದರೆ ಮೊದಲು ಹಳದಿಯಾಗುವುವು ಹಳೆಯ ಎಲೆಗಳು. ಗಿಡವು ಅವುಗಳಿಂದ ಸಾರಜನಕವನ್ನು ಹಿಂತೆಗೆದು ಚಿಗುರಿಗೆ ಸಾಗಿಸಬಲ್ಲುದು. ಕಬ್ಬಿಣವನ್ನು ಹಾಗೆ ಸಾಗಿಸಲಾರದು. ಈ ಭೇದವನ್ನರಿಯದೆ ಯೂರಿಯ ಸುರಿದರೆ ಬೇರು ಸುಡುವುದಷ್ಟೇ ಫಲ.

ದೋಷವಿರುವುದು ಮಣ್ಣಿನ ಕ್ಷಾರತೆಯಲ್ಲಿ. ಗಾರೆ, ಸಿಮೆಂಟುಗಳ ಚೂರುಗಳಿಂದಲೋ ಕೊಳವೆಬಾವಿಯ ಗಡಸು ನೀರಿನಿಂದಲೋ ಪಿಎಚ್ 7ನ್ನು ಮೀರಿದರೆ ಕಬ್ಬಿಣವು ಬಹುಮಟ್ಟಿಗೆ ಕರಗದೆ ಉಳಿಯುತ್ತದೆ. ಕರಗದುದನ್ನು ಬೇರು ಹೀರಲಾರದು. ಅಲ್ಯೂಮಿನಿಯಂ ವಿಷಯದಲ್ಲಿ ಇದೇ ಸಂಗತಿಯನ್ನು ಹೈಡ್ರೇಂಜಿಯ ಗಿಡವು ಹೂವಿನ ಬಣ್ಣದಿಂದಲೇ ತೋರಿಸುತ್ತದೆ. ಪಿಎಚ್ ಸುಮಾರು 5.5ಕ್ಕಿಂತ ಕಡಿಮೆಯಾದಾಗ ಅಲ್ಯೂಮಿನಿಯಂ ಕರಗಿ ಗಿಡವನ್ನೇರಿ ಹೂ ನೀಲಿಯಾಗುತ್ತದೆ; 6.5 ದಾಟಿದರೆ ಅದೇ ಗಿಡದಲ್ಲಿ ನಸುಗೆಂಪು ಹೂ! ಬಿಳಿಯ ತಳಿಗಳು ಮಾತ್ರ ಈ ಪರೀಕ್ಷೆಗೆ ಒಗ್ಗವು.

ಆದುದರಿಂದ ಮೊದಲು ಗಾರೆಯ ಚೂರುಗಳನ್ನು ಆಯ್ದು ತೆಗೆದು, ಚೆನ್ನಾಗಿ ಕಳಿತ ಎಲೆಗೊಬ್ಬರ ಬೆರೆಸಿ, ಸಾಧ್ಯವಾದಷ್ಟು ಮಳೆನೀರನ್ನೇ ಎರೆಯಬೇಕು. ಗಂಧಕದ ಪುಡಿಯನ್ನು ಅಲ್ಪವಾಗಿ ಸೇರಿಸಬಹುದು. ಮಣ್ಣಿನ ಬ್ಯಾಕ್ಟೀರಿಯಗಳು ಅದನ್ನು ಗಂಧಕಾಮ್ಲವಾಗಿ ಮಾರ್ಪಡಿಸಲು ಕೆಲವು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಕೀಲೇಟ್ ರೂಪದ ಕಬ್ಬಿಣವನ್ನು ಎಲೆಗಳಿಗೆ ಸಿಂಪಡಿಸಿ, ಮುಂದಿನ ಚಿಗುರಿನ ಬಣ್ಣವನ್ನು ಗಮನಿಸತಕ್ಕದ್ದು.